ನಗದು ದೊಡ್ಡ ಮಳಿಗೆಗೆ, ಕಡ ಕಾಕನ ಅಂಗಡಿಗೆ!

ಕಳೆದ ಪೆರ್ನಾಲಿಗೆ ನಾಲ್ಕು ದಿನ ಇರುವಾಗ ಮನೆಯಲ್ಲಿ ಮಕ್ಕಳದ್ದು ಒಂದೇ ಹಠ. ಮಂಗಳೂರಿನ ದೊಡ್ಡ ಮಳಿಗೆಗೆ ಹೋಗಬೇಕು, ಅಲ್ಲಿ ಆಫರ್ ಉಂಟು ಎಂದು. ಹೋದೆವು. ಒಳಗೆ ಎಸಿ, ಕೈಗೊಂದು ತಳ್ಳುಗಾಡಿ. ಚೀಟಿಯಲ್ಲಿ ಬರೆದದ್ದು ಹನ್ನೊಂದು ಸಾಮಾನು, ಗಾಡಿಯಲ್ಲಿ ತುಂಬಿದ್ದು ಇಪ್ಪತ್ತಾರು. ಬಿಲ್ಲು 3,800 ರೂಪಾಯಿ ದಾಟಿತು. ಅಲ್ಲಿ ಹಣ ಕೊಡದೆ ಹೊರಗೆ ಬರುವ ಹಾಗಿಲ್ಲ, ಕೊಟ್ಟೆವು.

ಊರಲ್ಲಿ ಬಸ್ಸಿಳಿದಾಗ ನೆನಪಾಯಿತು, ತೆಂಗಿನೆಣ್ಣೆ ಮತ್ತು ಶುಂಠಿ ಬಿಟ್ಟುಹೋಗಿದೆ. ಕಿಸೆ ಖಾಲಿ. ಮಸೀದಿಯ ಎದುರಿನ ಕಾಕನ ಅಂಗಡಿಗೆ ಹೋಗಿ, "ಕಾಕ, ಅರ್ಧ ಲೀಟರ್ ತೆಂಗಿನೆಣ್ಣೆ, ಸ್ವಲ್ಪ ಶುಂಠಿ. ಬರೆದಿಡಿ, ಪೆರ್ನಾಲ್ ಕಳೆದು ಕೊಡುತ್ತೇವೆ" ಎಂದೆವು. ಕಾಕ ನಮ್ಮ ಕೈಯಲ್ಲಿದ್ದ ಚೀಲಗಳನ್ನು ಒಮ್ಮೆ ನೋಡಿದರು. "ಆಯ್ತು ಉಸ್ತಾದ್" ಎಂದು ಪುಸ್ತಕ ತೆಗೆದು ಬರೆದರು. ಬೇರೆ ಒಂದು ಮಾತು ಆಡಲಿಲ್ಲ. ಎರಡು ಮಾತು ಬೈದಿದ್ದರೆ ನಮಗೆ ಸಮಾಧಾನ ಆಗುತ್ತಿತ್ತೋ ಏನೋ.

ಅದೇ ಪುಸ್ತಕ 2020ರ ಮಾರ್ಚ್ ಕೊನೆಯಲ್ಲಿ ನಮ್ಮ ಮನೆಯ ಒಲೆ ಉರಿಸಿತ್ತು. ಲಾಕ್‌ಡೌನ್ ಆಗಿ ಮದ್ರಸದ ಬಾಗಿಲು ಮುಚ್ಚಿತು, ಸಂಬಳ ತಡವಾಯಿತು. ಬೀಡಿ ಕಟ್ಟುವ ಉಮ್ಮಂದಿರಿಗೆ ಎಲೆ ಸಿಗಲಿಲ್ಲ, ಗಲ್ಫಿನಲ್ಲಿದ್ದ ಮಕ್ಕಳಿಗೆ ಕೆಲಸ ಇರಲಿಲ್ಲ. ರಂಝಾನ್ ಕೂಡಾ ಅದೇ ಹೊತ್ತಿಗೆ ಬಂತು. ಕುಚ್ಚಲಕ್ಕಿ, ಬೇಳೆ, ಖರ್ಜೂರ ಎಲ್ಲ ಕಾಕನ ಅಂಗಡಿಯಿಂದಲೇ ಬಂತು, ಕಡದಲ್ಲಿ. ಯಾರ ಮನೆಯಲ್ಲಿ ಎಷ್ಟು ಜನ, ಯಾರ ಮನೆಗೆ ಅಕ್ಕಿ ಮುಗಿದಿರಬಹುದು ಎಂದು ಅವರಿಗೆ ಬಾಯಿಪಾಠ.

ಹಾಗೆಂದು ದೊಡ್ಡ ಮಳಿಗೆಯವರನ್ನು ದೂರುವುದು ನಮ್ಮ ಉದ್ದೇಶವಲ್ಲ. ಅಲ್ಲಿಯೂ ನಮ್ಮದೇ ಮಕ್ಕಳು ಕೆಲಸಕ್ಕಿದ್ದಾರೆ. ಕೆಲವು ಸಾಮಾನಿಗೆ ಅಲ್ಲಿ ರೇಟ್ ಕಮ್ಮಿ ಇರುವುದೂ ಸತ್ಯ. ಅವರು ಕಂಪನಿಯಿಂದ ನೇರವಾಗಿ ಲೋಡುಗಟ್ಟಲೆ ಎತ್ತುತ್ತಾರೆ. ನಮ್ಮ ಕಾಕನಿಗೆ ಏಜೆನ್ಸಿಯವನು ಬೈಕಿನಲ್ಲಿ ಬಂದು ಆರ್ಡರ್ ತೆಗೆದುಕೊಂಡು ಹೋಗಿ, ಮತ್ತೆ ಟೆಂಪೋದಲ್ಲಿ ಎರಡು ಬಾಕ್ಸ್ ಇಳಿಸಬೇಕು. ನಡುವಿನ ಕಮಿಷನ್ ಎಲ್ಲಿಗೆ ಹೋಗುತ್ತದೆ?

ಆದರೆ ಲೆಕ್ಕ ಸರಿಯಾಗಿ ಹಾಕಿ ನೋಡುವಾ. ಸಕ್ಕರೆ, ಎಣ್ಣೆಯಂತಹ ನಾಲ್ಕು ಸಾಮಾನಿನ ರೇಟ್ ಇಳಿಸಿ ದೊಡ್ಡದಾಗಿ ಬೋರ್ಡ್ ಹಾಕುವುದು ಅವರ ವ್ಯಾಪಾರದ ಕ್ರಮ. ನಾವು ಅದಕ್ಕೆಂದು ಹೋಗಿ ಬಿಸ್ಕೆಟ್, ಶಾಂಪೂ, ಪ್ಲಾಸ್ಟಿಕ್ ಡಬ್ಬ ಹೊತ್ತು ತರುತ್ತೇವೆ. ಎರಡಕ್ಕೆ ಒಂದು ಉಚಿತ ಎಂದು ತಂದ ಸಾಸ್ ಬಾಟ್ಲಿ ಡೇಟ್ ಮುಗಿದು ಕಸಕ್ಕೆ ಹೋಗುತ್ತದೆ. ಬಸ್ಸು, ರಿಕ್ಷಾದ ಖರ್ಚು ಬೇರೆ. ಇನ್ನೊಂದು ವಿಷಯ: 2022ರ ಜುಲೈಯಲ್ಲಿ 25 ಕಿಲೋವರೆಗಿನ ಪ್ಯಾಕೆಟ್ ಅಕ್ಕಿಗೆ, ಬ್ರಾಂಡ್ ಇರಲಿ ಇಲ್ಲದಿರಲಿ, ಶೇ. 5 ಜಿಎಸ್‌ಟಿ ಹಾಕಿದರು. ಗೋಣಿ ಬಿಚ್ಚಿ ತೂಗಿ ಕೊಡುವ ಅಕ್ಕಿಗೆ ಆ ತೆರಿಗೆ ಇಲ್ಲ. ಕಾಲು ಕಿಲೋ ಬೇಳೆ, ಹತ್ತು ರೂಪಾಯಿಯ ಜೀರಿಗೆ ತೂಗಿ ಕೊಡುವವರು ಕೂಡಾ ಕಾಕನಂಥವರೇ.

ದೊಡ್ಡದು ಎಂದಿಗೂ ಮುಳುಗುವುದಿಲ್ಲ ಎಂಬ ಭ್ರಮೆಯೂ ಬೇಡ. 2001ರಲ್ಲಿ ಶುರುವಾಗಿ ದೇಶವಿಡೀ ಹೆಸರು ಮಾಡಿದ ಬಿಗ್ ಬಜಾರ್ ಮಂಗಳೂರಿಗೂ ಬಂದಿತ್ತು. ಇನ್ನು ಸಣ್ಣ ಅಂಗಡಿಗಳ ಕಥೆ ಮುಗಿಯಿತು ಎಂದು ಆಗ ಜನ ಮಾತಾಡಿಕೊಂಡರು. ಅದನ್ನು ನಡೆಸುತ್ತಿದ್ದ ಕಂಪನಿ ಸಾಲದ ಭಾರ ತಾಳಲಾರದೆ ಕುಸಿಯಿತು. 2022ರಲ್ಲಿ ಅದರ ಅನೇಕ ಮಳಿಗೆಗಳು ರಿಲಯನ್ಸ್ ಕೈಗೆ ಹೋದವು. ಅದು ಬ್ಯಾಂಕಿನ ಸಾಲ. ನಮ್ಮ ಕಾಕನಂಥವರ ಅಂಗಡಿ ಮುಚ್ಚಿದರೆ ಅದಕ್ಕೆ ಕಾರಣ ನಾವು ಕೊಡದೆ ಉಳಿಸಿದ ಕಡ. ನಗದು ಇದ್ದಾಗ ಪೇಟೆಗೆ, ಇಲ್ಲದಾಗ ಕಾಕನಲ್ಲಿಗೆ. ಆದರೆ ಏಜೆನ್ಸಿಯವನು ಕಾಕನಿಗೆ ಎಷ್ಟು ದಿನ ಕಾಯುತ್ತಾನೆ ಹೇಳಿ?

ಅಂಗಡಿಯವರಿಗೂ ಎರಡು ಮಾತು ಹೇಳದಿದ್ದರೆ ನ್ಯಾಯವಾಗದು. ತುಳುವಿನಲ್ಲಿ 'ಬ್ಯಾರ' ಎಂದರೆ ವ್ಯಾಪಾರ, ನಮ್ಮ ಬ್ಯಾರಿ ಹೆಸರು ಬಂದದ್ದೇ ಅದರಿಂದ ಎಂದು ಹಿರಿಯರು ಹೇಳುತ್ತಾರೆ. ಆ ಹೆಸರಿಗೆ ತಕ್ಕ ಹಾಗೆ ಅಂಗಡಿ ಇರಬೇಕಲ್ವಾ? ಡೇಟ್ ಮುಗಿದ ಪ್ಯಾಕೆಟನ್ನು ಹಿಂದಿನ ಸಾಲಿನಲ್ಲಿ ಅಡಗಿಸಿಡಬೇಡಿ. ಎಂಆರ್‌ಪಿಗಿಂತ ಒಂದು ರೂಪಾಯಿ ಹೆಚ್ಚು ತೆಗೆದುಕೊಳ್ಳುವುದು ಕಾನೂನು ಪ್ರಕಾರವೂ ತಪ್ಪು. ತಕ್ಕಡಿಗೆ ತೂಕ ಮತ್ತು ಅಳತೆ ಇಲಾಖೆಯ ಮುದ್ರೆ ಹಾಕಿಸಿ. ಕುರ್‌ಆನಿನ 83ನೇ ಅಧ್ಯಾಯದ ಹೆಸರೇ ಅಲ್ ಮುತಫ್ಫಿಫೀನ್, ತೂಕದಲ್ಲಿ ವಂಚಿಸುವವರು ಎಂದು ಅದರ ಅರ್ಥ. ಮದ್ರಸದ ಮಕ್ಕಳಿಗೂ ಇದು ಗೊತ್ತು. ಹಾಗೆಯೇ ಕಡದ ಲೆಕ್ಕ ಗಿರಾಕಿಯ ಎದುರೇ ಬರೆಯಿರಿ. ಸಾಲ ಕೊಟ್ಟರೆ ಬರೆದಿಡಿ ಎಂದು ವಿವರವಾಗಿ ಕಲಿಸುವ ಎರಡನೇ ಅಧ್ಯಾಯದ 282ನೇ ಸೂಕ್ತ ಇಡೀ ಕುರ್‌ಆನಿನಲ್ಲೇ ಅತ್ಯಂತ ಉದ್ದದ್ದು. ಸಾಲದ ಲೆಕ್ಕ ಅಷ್ಟು ಗಂಭೀರ ವಿಷಯ.

ಅದಕ್ಕೆ ಎರಡು ಸೂಕ್ತ ಮುಂಚೆಯೇ, ಕಷ್ಟದಲ್ಲಿರುವ ಸಾಲಗಾರನಿಗೆ ಸಮಯ ಕೊಡಲು ಹೇಳಲಾಗಿದೆ. ಕಾಕ ಅದನ್ನು ಪಾಲಿಸಿದರು. ಆದರೆ ಕೈಯಲ್ಲಿ ಹಣ ಇದ್ದೂ ಸಾಲ ಮುಂದೂಡುವುದು ಅನ್ಯಾಯ ಎಂದು ಪ್ರವಾದಿಯವರು (ಸ.) ಕಲಿಸಿದ್ದಾರೆ. 3,800 ರೂಪಾಯಿ ನಗದು ಕೊಟ್ಟು ಬಂದವರು ಕಷ್ಟದಲ್ಲಿದ್ದೆವು ಎಂದು ಹೇಗೆ ಹೇಳುವುದು?

ಪೆರ್ನಾಲ್ ಕಳೆದ ಮರುವಾರ ಸಂಬಳ ಬಂದಾಗ ನಾವು ಮೊದಲು ಹೋದದ್ದು ಅಲ್ಲಿಗೆ. ಎಣ್ಣೆ, ಶುಂಠಿಯದ್ದು ಮಾತ್ರ ಅಲ್ಲ, ಹಿಂದಿನದ್ದೂ ಸೇರಿ 2,140 ರೂಪಾಯಿ ಇತ್ತು. ಕೊಟ್ಟೆವು. ಕಾಕ ಪುಟಕ್ಕೆ ಅಡ್ಡಗೀಟು ಎಳೆಯುತ್ತಾ, "ಅವಸರ ಏನಿತ್ತು ಉಸ್ತಾದ್?" ಎಂದರು. ಪುಸ್ತಕದಲ್ಲಿ ಗೀಟು ಎಳೆಯದ ಪುಟಗಳು ಇನ್ನೂ ಎಷ್ಟೋ ಕಂಡವು.

ಈಗ ಮನೆಯಲ್ಲಿ ಒಂದು ಕ್ರಮ ಮಾಡಿಕೊಂಡಿದ್ದೇವೆ. ಅಕ್ಕಿ, ಬೇಳೆ, ಎಣ್ಣೆ, ತರಕಾರಿ ಊರಲ್ಲೇ, ಆದಷ್ಟು ನಗದು ಕೊಟ್ಟೇ. ಊರಲ್ಲಿ ಸಿಗದ ಸಾಮಾನಿಗೆ ಮಾತ್ರ ಪೇಟೆ, ಅದೂ ಚೀಟಿ ಹಿಡಿದುಕೊಂಡು. ತಿಂಗಳ ಒಂದನೇ ವಾರ ಕಡ ಚುಕ್ತಾ.

ನಮ್ಮ ಊರುಗಳಲ್ಲಿ ಮಯ್ಯಿತ್ ನಮಾಝಿಗೆ ಮುಂಚೆ ಮನೆಯವರು ನಿಂತು, ಇವರಿಂದ ಯಾರಿಗಾದರೂ ಬರಲಿಕ್ಕಿದ್ದರೆ ನಮ್ಮಲ್ಲಿ ಹೇಳಿ ಎಂದು ಕೇಳಿಕೊಳ್ಳುವ ವಾಡಿಕೆ ಉಂಟು. ಹಿಂದಿನ ಸಫ್‌ನಲ್ಲಿ ಅಂಗಡಿಯ ಕಾಕ ಕೂಡಾ ನಿಂತಿರುತ್ತಾರೆ. ದುಃಖದ ಮನೆಯವರ ಹತ್ತಿರ ಎಂಟುನೂರು, ಸಾವಿರದ ಲೆಕ್ಕ ಹೇಳಲು ಅವರಿಗೆ ನಾಲಿಗೆ ಬರುವುದಿಲ್ಲ. ಅವರು ಹೇಳಲಿಲ್ಲ ಎಂದ ಮಾತ್ರಕ್ಕೆ ಲೆಕ್ಕ ಮುಗಿಯುವುದಿಲ್ಲ. ನಡೆದು ಹೋಗಲು ಕಾಲಿಗೆ ಶಕ್ತಿ ಇರುವಾಗ ನಾವೇ ಹೋಗಿ ಆ ಪುಟಕ್ಕೆ ಗೀಟು ಹಾಕಿಸಿ ಬರುವಾ.