ಭಾನುವಾರದ ಪಾಠ, ಶನಿವಾರದ ಪಂದ್ಯ

ಭಾನುವಾರ ಬೆಳಗ್ಗೆ ಎಂಟೂವರೆ. ಅಮ್ಮ ದೋಸೆ ಹಾಕ್ತಾ "ಕನ್ನಡ ಕ್ಲಾಸಿಗೆ ಹೊತ್ತಾಯ್ತು, ಬೇಗ ತಿನ್ನು" ಅಂತಾರೆ. ಅದೇ ಹೊತ್ತಿಗೆ ನ್ಯೂಯಾರ್ಕಿನಲ್ಲಿ ಶನಿವಾರ ರಾತ್ರಿ ಏಳೂವರೆ. ಎನ್‌ಬಿಎ ಬ್ಯಾಸ್ಕೆಟ್‌ಬಾಲ್ ಪಂದ್ಯ ಶುರುವಾಗೋ ಸಮಯ! ನನ್ನ ಕಷ್ಟ ಇದೇ.

ಚಳಿಗಾಲದಲ್ಲಿ ಮಲೇಷ್ಯಾದ ಗಡಿಯಾರ ನ್ಯೂಯಾರ್ಕಿಗಿಂತ 13 ಗಂಟೆ ಮುಂದಿರುತ್ತದೆ. ಅವರು ಬೇಸಿಗೆಗೆ ಗಡಿಯಾರ ಬದಲಿಸಿದಾಗ 12 ಗಂಟೆ. ಹಾಗಾಗಿ ಅವರ ರಾತ್ರಿಯ ಆಟ ನಮಗೆ ಬೆಳಗಿನ ಆಟ. ಎನ್‌ಬಿಎಯಲ್ಲಿ 30 ತಂಡಗಳಿವೆ. ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಒಂದೊಂದು ತಂಡವೂ 82 ಪಂದ್ಯ ಆಡುತ್ತದೆ. ಆಟ 48 ನಿಮಿಷ ಅಂತ ಹೆಸರಿಗೆ ಮಾತ್ರ. ನಡುವೆ ನಿಲ್ಲಿಸಿ ನಿಲ್ಲಿಸಿ ಆಡೋದ್ರಿಂದ ಎರಡು ಗಂಟೆಗಿಂತ ಹೆಚ್ಚೇ ಹಿಡಿಯುತ್ತದೆ.

ನಮ್ಮೂರಲ್ಲಿ ದುಡ್ಡು ಕೊಟ್ಟು ನೋಡೋ ಟಿವಿ ಅಂದ್ರೆ ಬಹಳ ಜನರಿಗೆ ನೆನಪಾಗೋದು ಮನೆ ಮೇಲಿನ ಡಿಶ್. ಆಸ್ಟ್ರೋ ಶುರುವಾಗಿದ್ದು 1996ರಲ್ಲಿ. ನಮ್ಮ ಮನೇಲಿ ಡಿಶ್ ಇಲ್ಲ, ವೈಫೈ ಮಾತ್ರ. ಆದ್ರೂ ಪಂದ್ಯ ನೋಡಬಹುದು. ಎನ್‌ಬಿಎಯದ್ದೇ ಆ್ಯಪ್ ಇದೆ. ಅದರಲ್ಲಿ ‘ಲೀಗ್ ಪಾಸ್’ ಅನ್ನೋ ಚಂದಾ ಕಟ್ಟಿದರೆ ಫೋನಿನಲ್ಲೋ ಟಿವಿಯಲ್ಲೋ ನೇರ ಪ್ರಸಾರ ಬರುತ್ತದೆ. ದುಡ್ಡು ಬೇಡ ಅನ್ನೋರಿಗೆ ಯೂಟ್ಯೂಬಿನ ಎನ್‌ಬಿಎ ಚಾನೆಲ್‌ನಲ್ಲಿ ಪಂದ್ಯದ ಮುಖ್ಯ ತುಣುಕುಗಳು ಸಿಗುತ್ತವೆ. ಅಪ್ಪ ಅಮ್ಮಂದಿರಿಗೆ ಒಂದು ಮಾತು: ಚಂದಾ ಕಟ್ಟೋ ಮೊದಲು ಯಾವ ಪಂದ್ಯಗಳು ಸೇರಿವೆ, ಎಷ್ಟು ಪರದೆಗಳಲ್ಲಿ ಒಟ್ಟಿಗೆ ನೋಡಬಹುದು, ಅವಧಿ ಮುಗಿದ ಮೇಲೆ ತಾನಾಗೇ ದುಡ್ಡು ಕಡಿತವಾಗುತ್ತದಾ ಅಂತ ಓದಿಕೊಳ್ಳಿ.

ಈಗ ಒಂದು ಸೋಜಿಗ. ಮೈಸೂರಿನ ನಮ್ಮ ಅಜ್ಜನೂ ಕಾಲೇಜಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿದವರು. ರಜೆಯಲ್ಲಿ ಒಂದು ದಿನ ಅವರು ಅಲ್ಲಿ, ನಾವು ಇಲ್ಲಿ, ಫೋನ್ ಹಿಡಿದುಕೊಂಡೇ ಪಂದ್ಯ ನೋಡ್ತಿದ್ವಿ. ಅಜ್ಜ "ಬಿತ್ತು!" ಅಂತ ಕೂಗಿದರು. ನಮ್ಮ ಟಿವಿಯಲ್ಲಿ ಚೆಂಡು ಇನ್ನೂ ಆಟಗಾರನ ಕೈಯಲ್ಲೇ ಇತ್ತು! ‘ನೇರ’ ಪ್ರಸಾರ ಅಂದ್ಮೇಲೆ ಹೀಗ್ಯಾಕೆ?

ದೂರದಿಂದಾಗಿ ಅಂತ ನಾನಂದುಕೊಂಡಿದ್ದೆ. ಅದು ತಪ್ಪು. ನಾವು ‘ಕೇಬಲ್ ಇಲ್ಲದೆ’ ನೋಡ್ತೀವಿ ಅಂದ್ರೂ ಸಮುದ್ರದ ತಳದಲ್ಲಿ ಕೇಬಲ್ ಇದ್ದೇ ಇದೆ. ಜೊಹೋರಿನ ಮರ್ಸಿಂಗ್‌ನಿಂದ ಅಮೆರಿಕದವರೆಗೆ ಸುಮಾರು 20,000 ಕಿಲೋಮೀಟರ್ ಉದ್ದದ ‘ಏಷ್ಯಾ ಅಮೆರಿಕ ಗೇಟ್‌ವೇ’ ಅನ್ನೋ ಕೇಬಲ್ 2009ರಲ್ಲಿ ಕೆಲಸ ಶುರುಮಾಡಿತು. ಇಂಥ ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಅಂದರೆ 20,000 ಕಿಲೋಮೀಟರಿಗೆ ಸೆಕೆಂಡಿನ ಹತ್ತನೇ ಒಂದು ಭಾಗ ಸಾಕು!

ತಡ ಆಗೋದು ದಾರಿಯಲ್ಲಲ್ಲ, ಅಡುಗೆಮನೆಯಲ್ಲಿ. ಅಮ್ಮ ಎಲ್ಲಾ ದೋಸೆ ಒಟ್ಟಿಗೆ ಕೊಡೋದಿಲ್ಲ, ಒಂದೊಂದೇ ಹಾಕಿ ಕೊಡ್ತಾರೆ. ಹಾಗೇ ವಿಡಿಯೋವನ್ನು ಕೆಲವೇ ಸೆಕೆಂಡುಗಳ ತುಂಡುಗಳಾಗಿ ಮಾಡಿ ಕಳಿಸುತ್ತಾರೆ. ಮಧ್ಯೆ ತಟ್ಟೆ ಖಾಲಿಯಾಗಬಾರದು ಅಂತ ಆ್ಯಪ್ ಮೂರ್ನಾಲ್ಕು ತುಂಡು ಕೂಡಿಟ್ಟುಕೊಂಡೇ ತೋರಿಸೋಕೆ ಶುರುಮಾಡುತ್ತದೆ. ಅದಕ್ಕೇ ತಡ. ಯಾರ ಆ್ಯಪ್ ಎಷ್ಟು ಕೂಡಿಡುತ್ತದೋ ಅಷ್ಟು ಹಿಂದೆ. ನೆಟ್ ನಿಧಾನವಾದರೆ ಸಣ್ಣ ದೋಸೆ ಬರುತ್ತದೆ, ಅಂದರೆ ಚಿತ್ರ ಮಸುಕಾಗುತ್ತದೆ. ಹಿಟ್ಟೇ ಬರದಿದ್ದರೆ ಪರದೆ ಮೇಲೆ ಚಕ್ರ ತಿರುಗುತ್ತದೆ.

ಇನ್ನು ಡೇಟಾ ಲೆಕ್ಕ. ಸೆಕೆಂಡಿಗೆ 5 ಮೆಗಾಬಿಟ್ ವೇಗದಲ್ಲಿ ನೋಡಿದರೆ ಗಂಟೆಗೆ ಸುಮಾರು 2.25 ಜಿಬಿ. ಎರಡೂವರೆ ಗಂಟೆಗೆ 5.6 ಜಿಬಿ. ಫೋನ್ ಡೇಟಾದಲ್ಲಿ ನೋಡೋರು ಹುಷಾರು!

"ಪುಕ್ಕಟೆ ಲಿಂಕ್ ಇದೆ" ಅಂತ ಯಾರಾದರೂ ಕಳಿಸಿದರೆ ಒತ್ತಬೇಡಿ. ಅದು ಕದ್ದ ಪ್ರಸಾರ. ಅಂಥ ಪುಟಗಳಲ್ಲಿ ವೈರಸ್ಸೂ ಬರಬಹುದು, ಮಕ್ಕಳು ನೋಡಬಾರದ ಜಾಹೀರಾತೂ ಬರಬಹುದು. ಕದ್ದ ಪ್ರಸಾರದ ಪೆಟ್ಟಿಗೆ ಮಾರೋದು ಮಲೇಷ್ಯಾದಲ್ಲಿ ಅಪರಾಧ. 2022ರಲ್ಲಿ ತಿದ್ದಿದ ಕಾನೂನಿನ ಪ್ರಕಾರ 2 ಲಕ್ಷ ರಿಂಗಿಟ್‌ವರೆಗೆ ದಂಡ ಬೀಳಬಹುದು, ಜೈಲೂ ಆಗಬಹುದು.

ಹಾಗಾದ್ರೆ ಭಾನುವಾರ ಏನು ಮಾಡೋದು? ಹೋದ ವರ್ಷ ನಾನು ಹೊಟ್ಟೆನೋವು ಅಂತ ಸುಳ್ಳು ಹೇಳಿ ಒಂದು ಪಾಠ ತಪ್ಪಿಸಿದೆ. ಪಂದ್ಯ ನೋಡಿ ಖುಷಿಯಿಂದ ಅಜ್ಜನಿಗೆ ಫೋನ್ ಮಾಡಿದರೆ, "ಇವತ್ತು ಕ್ಲಾಸಲ್ಲಿ ಏನು ಹೇಳಿಕೊಟ್ರು ಪುಟ್ಟಾ?" ಅಂತ ಕೇಳಿದರು. ನನಗೆ ಬಾಯಿ ಬರಲಿಲ್ಲ. ಆಮೇಲೆ ನಿಜ ಹೇಳಿದೆ. ಅವರು ಬೈಯಲಿಲ್ಲ, "ಮುಗಿದ ಪಂದ್ಯವನ್ನ ಆಮೇಲೂ ನೋಡಬಹುದಲ್ವಾ?" ಅಂದರು.

ಹೌದು, ನೋಡಬಹುದು. ಲೀಗ್ ಪಾಸಿನಲ್ಲಿ ಮುಗಿದ ಪಂದ್ಯವನ್ನು ಪೂರ್ತಿ ಹಾಕಿಕೊಳ್ಳಬಹುದು. ಅಂಕಗಳು ಕಾಣದ ಹಾಗೆ ಮುಚ್ಚಿಡೋಕೂ ಆಗುತ್ತದೆ. ಈಗ ನಾನು ಕ್ಲಾಸು ಮುಗಿಸಿ, ಊಟ ಮಾಡಿ, ಆಮೇಲೆ ನೋಡ್ತೀನಿ. ಅಜ್ಜನೂ ನನಗಾಗಿ ಕಾಯ್ತಾರೆ. ಇಬ್ಬರೂ ಫೋನಿನಲ್ಲಿ "ಒಂದು, ಎರಡು, ಮೂರು" ಅಂತ ಎಣಿಸಿ ಒಟ್ಟಿಗೇ ಬಟನ್ ಒತ್ತುತ್ತೀವಿ. ಈಗ ಅಜ್ಜ "ಬಿತ್ತು!" ಅಂದಾಗ ನಮ್ಮನೆಯಲ್ಲೂ ಚೆಂಡು ಬೀಳುತ್ತದೆ.