ಅರ್ಧಕ್ಕೇ ನಿಲ್ಲುವ ಬೇಟೆ

ಇಂಗ್ಲೆಂಡಿನ ವಾಯವ್ಯ ಮೂಲೆಯ ಲೇಕ್ ಡಿಸ್ಟ್ರಿಕ್ಟ್‌ನಲ್ಲಿ ಹರ್ಡ್‌ವಿಕ್ ಎಂಬ ಗಟ್ಟಿಮುಟ್ಟಾದ ಕುರಿಗಳು ಎತ್ತರದ ಗುಡ್ಡಗಳ ಮೇಲೆ ಬೇಲಿಯಿಲ್ಲದೆ ಮೇಯುತ್ತವೆ. ಕೆಳಗೆ ಕಣಿವೆಯಲ್ಲಿ ಒಂದು ಕಲ್ಲಿನ ಮನೆ, ಸುತ್ತ ಕಲ್ಲುಗೋಡೆ ಹಾಕಿದ ಕೆಲವು ಸಣ್ಣ ಹೊಲಗಳು. ಒಕ್ಕಲಿನ ಕೈಯಲ್ಲಿರುವ ಹಸನಾದ ನೆಲ ಇಷ್ಟೇ. ಅದರಾಚೆಯ ಗುಡ್ಡವೆಲ್ಲ ಹಲವು ಮನೆಗಳಿಗೆ ಮೇಯಿಸುವ ಹಕ್ಕಿರುವ ಗೋಮಾಳ. ಹಾಗಿದ್ದೂ ಒಂದು ಮನೆಯ ಕುರಿ ಇನ್ನೊಂದು ಮನೆಯ ಪಾಲಿನ ಕಡೆ ಹೆಚ್ಚು ಅಲೆಯುವುದಿಲ್ಲ. ಮೊದಲ ಬೇಸಿಗೆಯಲ್ಲಿ ತಾಯಿಯ ಹಿಂದೆ ಸುತ್ತುತ್ತಲೇ ಮರಿ ತನ್ನ ಮೇವಿನ ಎಲ್ಲೆಯನ್ನು ಕಲಿಯುತ್ತದೆ. ಮುಂದೆ ತನ್ನ ಮರಿಗೂ ಅದನ್ನೇ ದಾಟಿಸುತ್ತದೆ. 2001ರಲ್ಲಿ ಕಾಲುಬಾಯಿ ರೋಗ ಬ್ರಿಟನ್ನಿನಲ್ಲಿ ಹಬ್ಬಿ, ಲಕ್ಷಗಟ್ಟಲೆ ಕುರಿ-ದನಗಳನ್ನು ಕೊಲ್ಲಬೇಕಾಗಿ ಬಂದಾಗ ಇಲ್ಲಿನವರನ್ನು ಕಾಡಿದ ದೊಡ್ಡ ಭಯ ಇದೇ. ಸಂತೆಯಿಂದ ಬೇರೆ ಕುರಿ ತರಬಹುದು, ಆದರೆ ಅವುಗಳಿಗೆ ಈ ಗುಡ್ಡದ ನೆನಪು ಇರುವುದಿಲ್ಲ.

ಹೀಗೆ ಚದುರಿ ಮೇಯುವ ಹಿಂಡನ್ನು ವರ್ಷದಲ್ಲಿ ಹಲವು ಸಲ ಕೆಳಗಿಳಿಸಲೇಬೇಕು. ವಸಂತದಲ್ಲಿ ಈಯುವ ಮುನ್ನ, ಜುಲೈ ಹೊತ್ತಿಗೆ ಉಣ್ಣೆ ಕತ್ತರಿಸಲು, ಶರತ್ಕಾಲದಲ್ಲಿ ಮರಿಗಳನ್ನು ಮಾರಲು, ನವೆಂಬರಿನಲ್ಲಿ ಟಗರು ಬಿಡಲು. ಕಡಿದಾದ ಬಂಡೆ, ಎದೆಯೆತ್ತರದ ಜರೀಗಿಡ, ಕ್ಷಣದಲ್ಲಿ ಕವಿಯುವ ಮಂಜು. ನಾಲ್ಕು ಚಕ್ರದ ಬೈಕು ಸ್ವಲ್ಪ ದೂರ ಹತ್ತೀತು, ಅಲ್ಲಿಂದ ಮುಂದೆ ಅದಕ್ಕೂ ದಾರಿಯಿಲ್ಲ. ಹತ್ತಾಳು ಮಾಡಲಾಗದ ಈ ಕೆಲಸವನ್ನು ಒಬ್ಬ ಕುರಿಗಾರ ಮತ್ತು ಎರಡು ಬಾರ್ಡರ್ ಕೋಲಿ ನಾಯಿಗಳು ಮಾಡಿ ಮುಗಿಸುತ್ತವೆ. ಹೇಗೆ ಎಂಬುದು ಪ್ರಾಣಿ ನಡವಳಿಕೆಯ ವಿಜ್ಞಾನದಲ್ಲಿ ನನಗೆ ತೀರ ಪ್ರಿಯವಾದ ಪ್ರಶ್ನೆಗಳಲ್ಲಿ ಒಂದು.

ನಾಯಿ ಬೊಗಳುತ್ತ ಅಟ್ಟುತ್ತದೆ, ಕುರಿ ಹೆದರಿ ಓಡುತ್ತದೆ ಎಂದು ದೂರದಿಂದ ನೋಡಿದವರಿಗೆ ಅನ್ನಿಸಬಹುದು. ಒಳ್ಳೆಯ ಕೋಲಿ ಕೆಲಸದ ವೇಳೆ ಬೊಗಳುವುದೇ ಅಪರೂಪ. ಕುರಿಗಳನ್ನು ನೇರವಾಗಿ ಬೆನ್ನಟ್ಟುವುದೂ ಇಲ್ಲ. ಹಿಂಡಿನಿಂದ ಬಹುದೂರದಲ್ಲಿ ಬಿಲ್ಲಿನಂತೆ ಬಾಗಿದ ದಾರಿ ಹಿಡಿದು, ಅವು ಬೆದರದ ಹಾಗೆ ಬಳಸಿಕೊಂಡು ಆಚೆ ಬದಿಗೆ ಹೋಗುತ್ತದೆ. ಅಲ್ಲಿ ನಿಂತು ತಲೆ ತಗ್ಗಿಸಿ, ಮೈ ನೆಲಕ್ಕೆ ಹತ್ತಿರವಾಗಿಸಿ, ರೆಪ್ಪೆ ಮಿಟುಕಿಸದಂತೆ ನೋಡುತ್ತ ಒಂದೊಂದೇ ಹೆಜ್ಜೆ ಇಡುತ್ತದೆ. ಕುರಿಗಳು ತಲೆಯೆತ್ತುತ್ತವೆ, ಒಂದರ ಬಳಿ ಒಂದು ಸರಿಯುತ್ತವೆ, ಕೆಳಗೆ ನಿಂತ ಯಜಮಾನನ ಕಡೆಗೆ ನಡೆಯತೊಡಗುತ್ತವೆ.

ಆ ನೋಟ, ಆ ತಗ್ಗಿದ ಮೈ, ಆ ಕಳ್ಳಹೆಜ್ಜೆ ಎಲ್ಲವೂ ತೋಳದವು. ಬೇಟೆಯಾಡುವ ತೋಳದ ವರ್ತನೆಯಲ್ಲಿ ಒಂದು ಕ್ರಮವಿದೆ. ಮೊದಲು ಬೇಟೆಯತ್ತ ತಿರುಗುವುದು, ಆಮೇಲೆ ದಿಟ್ಟಿಸುವುದು, ಹೊಂಚುತ್ತ ಸಾಗುವುದು, ಅಟ್ಟುವುದು, ಹಿಡಿದು ಕಚ್ಚುವುದು, ಕೊಲ್ಲುವುದು, ಹರಿದು ತಿನ್ನುವುದು. ಅಮೆರಿಕದ ಜೀವಶಾಸ್ತ್ರಜ್ಞ ರೇಮಂಡ್ ಕಾಪಿಂಜರ್ ನಾಯಿ ತಳಿಗಳ ಕೆಲಸವನ್ನು ಈ ಸರಪಳಿಯ ಮೂಲಕವೇ ವಿವರಿಸಿದರು. ಯಾವ ತಳಿಯಲ್ಲಿ ಯಾವ ಕೊಂಡಿ ಬಲವಾಯಿತು, ಯಾವುದು ಕಳಚಿತು ಎಂಬುದೇ ಅವರ ವಿವರಣೆಯ ತಿರುಳು. ಬಾರ್ಡರ್ ಕೋಲಿಯಲ್ಲಿ ದಿಟ್ಟಿಸುವ, ಹೊಂಚುವ, ಅಟ್ಟುವ ಕೊಂಡಿಗಳು ತೀರ ಗಟ್ಟಿಯಾಗಿವೆ, ಕಚ್ಚುವ ಮತ್ತು ಕೊಲ್ಲುವ ಕೊಂಡಿಗಳು ಸಡಿಲವಾಗಿವೆ. ಪೂರ್ತಿ ಕಳಚಿಹೋಗಿಲ್ಲ ಎಂಬುದನ್ನು ಮರೆಯಬಾರದು. ಪಳಗದ ಎಳೆಯ ನಾಯಿ ಕುರಿಯ ಉಣ್ಣೆಗೆ ಬಾಯಿ ಹಾಕುವುದುಂಟು. ಕುರಿನಾಯಿಗಳ ಸ್ಪರ್ಧೆಯಲ್ಲಿ ಹಾಗೆ ಕಚ್ಚಿದ ನಾಯಿಯನ್ನು ಕಣದಿಂದ ಹೊರಗೆ ಕಳಿಸುವ ರೂಢಿಯಿದೆ.

ಆಚೆ ಬದಿಗೇ ಹೋಗಿ ನಿಲ್ಲುವುದು ಏಕೆ? ಅದನ್ನು ಯಾರೂ ಹೇಳಿಕೊಡುವುದಿಲ್ಲ. ಕೆಲವು ತಿಂಗಳ ಮರಿ ಮೊದಲ ಸಲ ಕುರಿ ಕಂಡಾಗಲೇ, ಕುರಿಗಳು ತನ್ನ ಮತ್ತು ಯಜಮಾನನ ನಡುವೆ ಬರುವಂತೆ ಸುತ್ತಲು ನೋಡುತ್ತದೆ. ಯಜಮಾನ ಎಡಕ್ಕೆ ಸರಿದರೆ ಅದಕ್ಕೆ ತಕ್ಕಂತೆ ತಾನೂ ಸರಿದು ಮತ್ತೆ ಅವನ ಎದುರು ಬದಿಗೇ ಬಂದು ನಿಲ್ಲುತ್ತದೆ. ಕಾಪಿಂಜರ್ ಮತ್ತು ಸಂಗಡಿಗರು 2011ರಲ್ಲಿ ಕಂಪ್ಯೂಟರಿನೊಳಗೆ ತೋಳಗಳ ಗುಂಪು ಸೃಷ್ಟಿಸಿ ನೋಡಿದ್ದರು. ಪ್ರತಿ ತೋಳಕ್ಕೂ ಎರಡೇ ನಿಯಮ: ಅಪಾಯವಿಲ್ಲದಷ್ಟು ದೂರ ಉಳಿಯುವವರೆಗೆ ಬೇಟೆಯ ಹತ್ತಿರ ಹೋಗು, ಅಷ್ಟು ಹತ್ತಿರವಾದ ಮೇಲೆ ಉಳಿದ ತೋಳಗಳಿಂದ ದೂರ ಸರಿ. ಇಷ್ಟರಿಂದಲೇ ಬೇಟೆಯ ಸುತ್ತ ವ್ಯೂಹ ತಾನಾಗಿ ಏರ್ಪಟ್ಟಿತು. ಕೋಲಿಯ ಲೆಕ್ಕದಲ್ಲಿ ಕೋಲು ಹಿಡಿದ ಯಜಮಾನ ಎದುರು ಬದಿಯ ಇನ್ನೊಂದು ತೋಳ ಎಂದುಕೊಂಡರೆ, ಅದರ ನಡೆ ಚೆನ್ನಾಗಿ ಅರ್ಥವಾಗುತ್ತದೆ.

ಈಗ ಕುರಿಯ ಕಡೆಯಿಂದ ನೋಡೋಣ. ದಡ್ಡತನಕ್ಕೆ ಕುರಿಯ ಹೆಸರು ಹಿಡಿಯುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ, ಅದು ನ್ಯಾಯವಲ್ಲ. ನರವಿಜ್ಞಾನಿ ಕೀತ್ ಕೆಂಡ್ರಿಕ್ ಮತ್ತು ಸಂಗಡಿಗರು 2001ರಲ್ಲಿ ತೋರಿಸಿದ ಹಾಗೆ, ಕುರಿ ಬೇರೆ 50 ಕುರಿಗಳ ಮುಖವನ್ನು ಗುರುತಿಟ್ಟು ಎರಡು ವರ್ಷಕ್ಕೂ ಹೆಚ್ಚು ಕಾಲ ನೆನಪಿಡಬಲ್ಲದು. ಅದರ ಕಣ್ಣಿನ ಪಾಪೆ ಅಡ್ಡಗೆರೆಯಂತಿದೆ. ಹಾಗಾಗಿ ತನ್ನ ಬೆನ್ನಹಿಂದಿನ ಒಂದು ಕಿರಿದಾದ ಪಟ್ಟಿಯನ್ನು ಬಿಟ್ಟು ಸುತ್ತಲಿನ ನೆಲವೆಲ್ಲ ಅದಕ್ಕೆ ಕಾಣುತ್ತದೆ. ಮೇಯಲು ತಲೆ ಬಗ್ಗಿಸಿದಾಗ ಕಣ್ಣುಗುಡ್ಡೆಯೇ ಕುಳಿಯೊಳಗೆ ತಿರುಗಿ, ಪಾಪೆಯನ್ನು ನೆಲಕ್ಕೆ ಸಮನಾಗಿ ಉಳಿಸುತ್ತದೆ. ಅಂದರೆ ಹುಲ್ಲು ಕಚ್ಚುತ್ತಲೇ ಅದು ದಿಗಂತವನ್ನು ಕಾಯುತ್ತಿರುತ್ತದೆ.

ಪ್ರತಿ ಕುರಿಯ ಸುತ್ತಲೂ ಕಾಣದ ಒಂದು ವಲಯವಿದೆ. ನಾಯಿ ಅದರ ಹೊರಗಿದ್ದರೆ ಕುರಿ ಸುಮ್ಮನೆ ನೋಡುತ್ತದೆ. ಅಂಚಿಗೆ ಕಾಲಿಟ್ಟರೆ ದೂರ ಸರಿಯುತ್ತದೆ, ಒಳಗೆ ನುಗ್ಗಿದರೆ ದಿಕ್ಕೆಟ್ಟು ಓಡುತ್ತದೆ ಅಥವಾ ತಿರುಗಿ ನಿಂತು ಕಾಲು ಕುಟ್ಟುತ್ತದೆ. ಜನರ ನಡುವೆ ಬೆಳೆದ ಕುರಿಗೆ ಈ ವಲಯ ಚಿಕ್ಕದು, ಗುಡ್ಡದ ಕುರಿಗೆ ದೊಡ್ಡದು. ಭುಜದ ಹಿಂದಿನಿಂದ ಬಂದರೆ ಕುರಿ ಮುಂದಕ್ಕೆ ಹೋಗುತ್ತದೆ, ಭುಜಕ್ಕಿಂತ ಮುಂದೆ ಬಂದರೆ ಹಿಂದಕ್ಕೆ ತಿರುಗುತ್ತದೆ. ಒಳ್ಳೆಯ ಕೋಲಿ ದಿನವಿಡೀ ದುಡಿಯುವುದು ಈ ವಲಯದ ಅಂಚಿನಲ್ಲೇ. ಒಂದು ಹೆಜ್ಜೆ ಒಳಗಿಟ್ಟು ಒತ್ತಡ ಹಾಕುತ್ತದೆ, ಕುರಿ ನಡೆದ ಕೂಡಲೇ ನಿಂತು ಒತ್ತಡ ಬಿಡುತ್ತದೆ. ಹೊಟ್ಟೆಯಲ್ಲಿ ಮರಿ ಹೊತ್ತ ಕುರಿಯನ್ನು ಓಡಿಸಿದರೆ ನಷ್ಟ, ಬೆದರಿ ಬಂಡೆಯ ಅಂಚಿಗೆ ಹೋದರೂ ನಷ್ಟ. ಕುರಿಗೆ ಆದಷ್ಟು ಕಡಿಮೆ ಭಯ ಹುಟ್ಟಿಸಿ ಕೆಲಸ ಮುಗಿಸುವ ನಾಯಿಯನ್ನೇ ನಾನು ಜಾಣ ನಾಯಿ ಎನ್ನುತ್ತೇನೆ. ವೇಗ ಅದರ ನಂತರದ ಮಾತು.

ಬೆದರಿದ ಕುರಿಗಳು ಒತ್ತಾಗುವುದಕ್ಕೂ ಕಾರಣವಿದೆ. ಹಿಂಡಿನ ಹೊರ ಅಂಚಿನಲ್ಲಿರುವುದೇ ಮೊದಲು ಸಿಕ್ಕಿಬೀಳುವುದರಿಂದ ಪ್ರತಿಯೊಂದೂ ನಡುವಿಗೆ ನುಗ್ಗುತ್ತದೆ ಎಂದು ಜೀವಶಾಸ್ತ್ರಜ್ಞ ವಿಲಿಯಂ ಹ್ಯಾಮಿಲ್ಟನ್ 1971ರಲ್ಲಿ ವಾದಿಸಿದ್ದರು. 2012ರಲ್ಲಿ ಸಂಶೋಧಕ ಆಂಡ್ರ್ಯೂ ಕಿಂಗ್ ಮತ್ತು ಸಂಗಡಿಗರು ಕುರಿಗಳಿಗೂ ಕುರಿನಾಯಿಗೂ ಜಿಪಿಎಸ್ ಕಟ್ಟಿ ನೋಡಿದರು. ನಾಯಿ ಹತ್ತಿರವಾದಂತೆ ಕುರಿಗಳು ಹಿಂಡಿನ ನಡುವಿನತ್ತಲೇ ಸಾಗಿದ್ದವು. ಇಂಥದೇ ದತ್ತಾಂಶ ಹಿಡಿದು ಡೇನಿಯಲ್ ಸ್ಟ್ರಾಂಬಾಮ್ ಅವರ ತಂಡ 2014ರಲ್ಲಿ ನಾಯಿಯ ಕೆಲಸವನ್ನು ಎರಡು ನಿಯಮಕ್ಕೆ ಇಳಿಸಿತು. ಹಿಂಡು ಚದುರಿದ್ದರೆ ದೂರವಾದ ಕುರಿಯ ಹಿಂದೆ ಹೋಗಿ ಅದನ್ನು ಒಳಗೆ ಸೇರಿಸು. ಹಿಂಡು ಒತ್ತಾಗಿದ್ದರೆ ಅದರ ಹಿಂದೆ ನಿಂತು ಗುರಿಯತ್ತ ತಳ್ಳು. ಇವೆರಡರ ನಡುವೆ ಬದಲಾಗುತ್ತಿರುವಾಗಲೇ ನಾಯಿ ಹಿಂಡಿನ ಹಿಂದೆ ಎಡಬಲ ತೂಗುತ್ತ ಓಡಾಡುವ ಚಿತ್ರ ಮೂಡಿತು. ಈ ಲೆಕ್ಕದಲ್ಲಿ ಒಂದೇ ನಾಯಿ ನೂರಕ್ಕೂ ಹೆಚ್ಚು ಕುರಿಗಳನ್ನು ಸಾಗಿಸಬಲ್ಲದು. ನೆಲದ ಮೇಲಿನ ನಾಯಿಗೆ ಇನ್ನೂ ಹೆಚ್ಚು ತಿಳಿದಿರಬೇಕು. ಯಾವ ಕುರಿ ಮೊಂಡ, ಯಾವುದರ ಕಾಲು ಕುಂಟುತ್ತಿದೆ, ಗೋಡೆಯ ಕಿಂಡಿ ಎಲ್ಲಿದೆ ಎಂಬುದು ನಿಯಮದೊಳಗೆ ಬರುವುದಿಲ್ಲ.

ಯಜಮಾನನ ಪಾತ್ರ ಇದೆಲ್ಲದರ ಮೇಲಿನ ಲಗಾಮು. ‘ಕಮ್ ಬೈ’ ಎಂದರೆ ಹಿಂಡನ್ನು ಗಡಿಯಾರದ ಮುಳ್ಳಿನಂತೆ ಸುತ್ತು, ‘ಅವೇ’ ಎಂದರೆ ಅದಕ್ಕೆ ಎದುರಾಗಿ. ‘ಲೈ ಡೌನ್’ ಎಂದರೆ ಇದ್ದಲ್ಲೇ ಮಲಗು, ‘ದಟ್ಲ್ ಡೂ’ ಎಂದರೆ ಕೆಲಸ ಸಾಕು, ಬಾ. ದೂರದ ಗುಡ್ಡಕ್ಕೆ ಮಾತು ತಲುಪದು, ಅಲ್ಲಿ ಸಿಳ್ಳೆಯೇ ಭಾಷೆ. ಎರಡು ನಾಯಿ ಜೊತೆಗಿದ್ದರೆ ಒಂದೊಂದಕ್ಕೂ ಬೇರೆ ಸಿಳ್ಳೆ. ಹಲವು ಭಾಷೆಗಳ ಜನ ತಮ್ಮ ನಾಯಿ, ಕುದುರೆಗಳಿಗೆ ಕೊಡುವ ಸದ್ದುಗಳನ್ನು ಪ್ರಾಣಿ ನಡವಳಿಕೆಯ ತಜ್ಞೆ ಪೆಟ್ರೀಷಿಯಾ ಮೆಕ್ಕಾನೆಲ್ ಧ್ವನಿಮುದ್ರಿಸಿ ಹೋಲಿಸಿದ್ದಾರೆ. ಪ್ರಾಣಿಯನ್ನು ಹೊರಡಿಸಲು ಚಿಕ್ಕಚಿಕ್ಕ ಸದ್ದುಗಳ ಮರುಕಳಿಕೆ, ನಿಧಾನಿಸಲು ಅಥವಾ ನಿಲ್ಲಿಸಲು ಒಂದೇ ಉದ್ದನೆಯ ಸ್ವರ ಎಂಬ ಮಾದರಿ ಅವರಿಗೆ ಮತ್ತೆಮತ್ತೆ ಸಿಕ್ಕಿತು. ಎತ್ತಿನ ಗಾಡಿ ಹೊಡೆದವರಿಗೆ ಇದನ್ನು ವಿವರಿಸಬೇಕಿಲ್ಲ. ಹೊರಡಿಸುವಾಗ ನಾಲಗೆಯ ಲೊಚಲೊಚ, ನಿಲ್ಲಿಸುವಾಗ ಎಳೆದ ‘ಹೋ…’.

ಇಂಥ ನಾಯಿ ಹುಟ್ಟಿಬಂದ ಕಥೆಗೆ ದಾಖಲೆಗಳಿವೆ. 1873ರಲ್ಲಿ ವೇಲ್ಸ್‌ನ ಬಾಲಾ ಊರಿನಲ್ಲಿ ಕುರಿನಾಯಿ ಸ್ಪರ್ಧೆಯೊಂದು ನಡೆಯಿತು, ಸ್ಕಾಟ್ಲೆಂಡ್ ಮೂಲದವನೊಬ್ಬನ ಟ್ವೀಡ್ ಎಂಬ ನಾಯಿ ಗೆದ್ದಿತು. 1893ರಲ್ಲಿ ನಾರ್ದಂಬರ್‌ಲೆಂಡ್‌ನ ಆಡಂ ಟೆಲ್ಫರ್ ಎಂಬವರ ಮನೆಯಲ್ಲಿ ಹೆಂಪ್ ಎಂಬ ನಾಯಿ ಹುಟ್ಟಿತು. ತಂದೆ ರಾಯ್ ಸ್ನೇಹಜೀವಿ, ದಿಟ್ಟಿಸುವ ಬಲ ಕಡಿಮೆ. ತಾಯಿ ಮೆಗ್ ಸಂಕೋಚದ ಸ್ವಭಾವದ, ನೋಟದಲ್ಲೇ ಕುರಿ ಹಿಡಿದಿಡುವ ನಾಯಿ. ಇಬ್ಬರ ಗುಣವೂ ಹದವಾಗಿ ಬೆರೆತ ಹೆಂಪ್ ಸದ್ದಿಲ್ಲದೆ ದುಡಿಯುತ್ತಿತ್ತು. 1901ರಲ್ಲಿ ಸಾಯುವಷ್ಟರಲ್ಲಿ ಅದಕ್ಕೆ ಸುಮಾರು 200 ಮರಿಗಳಾಗಿದ್ದವು. ಇಂದಿನ ಬಾರ್ಡರ್ ಕೋಲಿಗಳ ಮೂಲಪುರುಷ ಎಂದು ಅದನ್ನೇ ಕರೆಯುತ್ತಾರೆ. 1906ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಕುರಿನಾಯಿ ಸಂಘ ನಾಯಿಯ ಕಿವಿ, ಬಣ್ಣ, ಬಾಲಗಳನ್ನು ಅಳೆಯದೆ ಅದು ಮಾಡುವ ಕೆಲಸಕ್ಕೆ ಬೆಲೆ ಕೊಟ್ಟಿತು. ತಳಿ ಉಳಿದದ್ದು ಆ ನಿಲುವಿನಿಂದ ಎಂದು ನನ್ನ ನಂಬಿಕೆ. 2022ರಲ್ಲಿ ಸಾವಿರಾರು ನಾಯಿಗಳ ಜೀನೋಮ್ ಹೋಲಿಸಿದ ಅಮೆರಿಕದ ವಿಜ್ಞಾನಿಗಳಿಗೆ, ಕುರಿನಾಯಿಗಳ ವಂಶದಲ್ಲಿ ಮಿದುಳಿನ ನರತಂತುಗಳು ಎತ್ತ ಬೆಳೆಯಬೇಕೆಂದು ದಾರಿ ತೋರಿಸುವ ಜೀನ್‌ಗಳ ಬಳಿ ವಿಶಿಷ್ಟ ವ್ಯತ್ಯಾಸಗಳು ಸಿಕ್ಕವು. ಆ ಕೆಲಸಕ್ಕೆ ಸಂತೆಯಲ್ಲೂ ಬೆಲೆಯಿದೆ: 2021ರಲ್ಲಿ ವೇಲ್ಸ್‌ನ ಹರಾಜೊಂದರಲ್ಲಿ ಕಿಮ್ ಎಂಬ ಒಂದು ವರ್ಷದ ಹೆಣ್ಣುನಾಯಿ 27,100 ಪೌಂಡಿಗೆ ಮಾರಾಟವಾಯಿತು.

ನಮ್ಮ ಕುರುಬರ ಹಿಂಡಿನ ನಾಯಿಯ ಕೆಲಸ ಬೇರೆ. ಡೆಕ್ಕನಿ ಕುರಿಗಳ ಹಿಂಡು ಹೊಲದಿಂದ ಹೊಲಕ್ಕೆ ಸಾಗುವಾಗ ಅದನ್ನು ತಿರುಗಿಸುವುದು ಮನುಷ್ಯನ ಕೂಗು ಮತ್ತು ಕೋಲು. ನಾಯಿಯ ಪಾಳಿ ರಾತ್ರಿಯದು, ಮಂದೆಯ ಸುತ್ತ ತೋಳ ಸುಳಿಯದಂತೆ ಕಾಯುವುದು. ಕಾವಲು ನಾಯಿಗೆ ಕುರಿಯನ್ನು ದಿಟ್ಟಿಸುವ, ಹೊಂಚುವ ಚಟ ಇರಲೇಬಾರದು. ಎಳೆಯದಿರುವಾಗಲೇ ಕುರಿಗಳ ನಡುವೆ ಬೆಳೆದ ಮರಿ ಅವುಗಳನ್ನು ತನ್ನ ಬಳಗವೆಂದೇ ತಿಳಿಯುತ್ತದೆ. ತೋಳ ಇರುವ ನೆಲಕ್ಕೆ ಕಾವಲಿನ ನಾಯಿ ಬೇಕು. ಬ್ರಿಟನ್ನಿನಲ್ಲಿ ತೋಳ ಅಳಿದು ಶತಮಾನಗಳೇ ಆದವು, ಅಲ್ಲಿ ಕುರಿ ಕೂಡಿಸುವ ನಾಯಿಗೆ ಎಡೆಯಾಯಿತು.

ಇದನ್ನೆಲ್ಲ ತಿಳಿದ ಮೇಲೆ, ಬೆಂಗಳೂರಿನ ಫ್ಲ್ಯಾಟುಗಳಲ್ಲಿ ಬಾರ್ಡರ್ ಕೋಲಿ ಸಾಕುವುದು ನನಗೆ ನೋವಿನ ಸಂಗತಿ. ಗುಡ್ಡವಿಡೀ ಓಡಿ ಕುರಿ ಕೂಡಿಸಲು ಹುಟ್ಟಿದ ಪ್ರಾಣಿಗೆ ಅಲ್ಲಿ ಕೂಡಿಸಲು ಸಿಗುವುದು ಬೈಕು, ಆಟವಾಡುವ ಮಕ್ಕಳು, ಗೋಡೆಯ ಮೇಲಿನ ನೆರಳು. ಮಕ್ಕಳ ಹಿಮ್ಮಡಿಗೆ ಬಾಯಿ ಹಾಕಿದರೆ ‘ಕೆಟ್ಟ ನಾಯಿ’ ಎಂಬ ಹಣೆಪಟ್ಟಿ ಬೀಳುತ್ತದೆ. ಅದರ ಚುರುಕುತನಕ್ಕೆ ಮರುಳಾಗಿ ಮರಿ ಕೊಳ್ಳಹೊರಟವರು ಮೊದಲು ಕೇಳಿಕೊಳ್ಳಬೇಕಾದ್ದು, ದಿನಕ್ಕೆ ಹಲವು ಗಂಟೆ ಅದರ ಕಾಲಿಗೂ ತಲೆಗೂ ಏನು ಕೆಲಸ ಕೊಡುತ್ತೇನೆ ಎಂಬುದನ್ನು. ಉತ್ತರವಿಲ್ಲದಿದ್ದರೆ ನಮ್ಮ ಬೀದಿಯಲ್ಲೇ ಹುಟ್ಟಿದ, ಮಧ್ಯಾಹ್ನದ ನಿದ್ದೆಯನ್ನು ಇಷ್ಟಪಡುವ ಒಂದು ಮರಿಯನ್ನು ಮನೆಗೆ ಕರೆತರುವುದು ಮೇಲು.