ಚೈನ್‌ಸಾ ಬಾರ್ ಎಷ್ಟು ಉದ್ದವಿರಬೇಕು?

ಮಲೆನಾಡಿನ ಕಾಫಿ ತೋಟಗಳಲ್ಲಿ, ಅಡಿಕೆ ಬೆಳೆಗಾರರ ಕೊಟ್ಟಿಗೆಗಳಲ್ಲಿ, ಮಳೆಗಾಲದಲ್ಲಿ ರಸ್ತೆಗೆ ಅಡ್ಡ ಬಿದ್ದ ಮರ ತೆರವು ಮಾಡುವ ತಂಡಗಳಲ್ಲಿ ಕೈಗರಗಸದ ಜಾಗಕ್ಕೆ ಈಗ ಬಹುಮಟ್ಟಿಗೆ ಚೈನ್‌ಸಾ ಬಂದಿದೆ. ಈ ಯಂತ್ರವನ್ನು ಕೊಳ್ಳುವಾಗ ಎಂಜಿನ್ನಿನ ಗಾತ್ರ, ಕಂಪನಿಯ ಹೆಸರು, ಬೆಲೆ ಇವುಗಳ ಬಗ್ಗೆ ಸಾಕಷ್ಟು ವಿಚಾರಣೆ ನಡೆಯುತ್ತದೆಯಾದರೂ, ಮರದೊಳಕ್ಕೆ ನಿಜವಾಗಿ ಇಳಿಯುವ ಬಾರ್‌ನ ಉದ್ದವನ್ನು ಹೆಚ್ಚಿನವರು ಅಂಗಡಿಯವರ ಮಾತಿಗೆ ಬಿಡುತ್ತಾರೆ, ಇಲ್ಲವೆ ದೊಡ್ಡ ಮರ ಎದುರಾದರೂ ಸಾಲುವಂತಿರಲಿ ಎಂಬ ಎಣಿಕೆಯಲ್ಲಿ ಇರುವುದರಲ್ಲಿ ಉದ್ದನೆಯದನ್ನೇ ಆರಿಸಿಕೊಳ್ಳುತ್ತಾರೆ. ಮೇಲ್ನೋಟಕ್ಕೆ ಜಾಣತನವಾಗಿ ಕಾಣುವ ಈ ಎಣಿಕೆ ಬಹಳ ಸಲ ತಪ್ಪು. ವರ್ಷಕ್ಕೊಮ್ಮೆ ಎದುರಾಗುವ ಹೆಮ್ಮರಕ್ಕಿಂತ, ದಿನನಿತ್ಯ ಕೊಯ್ಯುವ ಮರದ ದಪ್ಪ ಮತ್ತು ಚೈನನ್ನು ಎಳೆಯುವ ಎಂಜಿನ್ನಿನ ಶಕ್ತಿ ಇವೆರಡೇ ಬಾರ್‌ನ ಉದ್ದವನ್ನು ನಿರ್ಧರಿಸಬೇಕಾದ ಸಂಗತಿಗಳು.

ಬಾರ್ ಎಂದರೆ ಯಂತ್ರದ ಮುಂಭಾಗದಿಂದ ಚಾಚಿಕೊಂಡಿರುವ ಚಪ್ಪಟೆಯಾದ ಉಕ್ಕಿನ ಪಟ್ಟಿ. ಅದರ ಅಂಚಿನುದ್ದಕ್ಕೂ ಇರುವ ಸೀಳಿನಲ್ಲಿ ಹಲ್ಲುಗಳುಳ್ಳ ಚೈನ್ ಸುತ್ತುತ್ತದೆ. ಮಾರುಕಟ್ಟೆಯಲ್ಲಿ 16 ಇಂಚು, 18 ಇಂಚು ಎಂದು ಹೇಳುವುದು ಈ ಪಟ್ಟಿಯ ಪೂರ್ತಿ ಉದ್ದವನ್ನಲ್ಲ. ಯಂತ್ರದ ಮೈಯಿಂದ ಹೊರಗೆ ಕಾಣುವ, ಅಂದರೆ ಮರವನ್ನು ಕೊಯ್ಯಲು ಒದಗುವ ಭಾಗದ ಉದ್ದವನ್ನು ಅಳೆದು, ಹತ್ತಿರದ ಇಂಚಿನ ಅಂಕಿಗೆ ಸರಿಹೊಂದಿಸಿ ಹೇಳುವ ಅಳತೆ ಅದು. ಆದ್ದರಿಂದ ಹಳೆಯ ಬಾರನ್ನು ಬಿಚ್ಚಿ, ಟೇಪಿನಿಂದ ತುದಿಯಿಂದ ತುದಿಗೆ ಅಳೆದು, ಅದೇ ಅಂಕಿಯ ಹೊಸ ಬಾರ್ ಕೇಳಿದವರಿಗೆ ಬೇಕಾದುದಕ್ಕಿಂತ ಉದ್ದನೆಯದು ಸಿಕ್ಕುವ ಸಂಭವವಿದೆ.

ಮರದ ದಪ್ಪವನ್ನು ತೋಟದವರು ಸಾಮಾನ್ಯವಾಗಿ ಸುತ್ತಳತೆಯಲ್ಲಿ ಹೇಳುತ್ತಾರೆ, ಬಾರ್‌ಗೆ ಬೇಕಾಗುವುದು ವ್ಯಾಸ. ಸುತ್ತಳತೆಯನ್ನು 3.14ರಿಂದ ಭಾಗಿಸಿದರೆ ವ್ಯಾಸ ಸಿಗುತ್ತದೆ: ಮೂರು ಅಡಿ ಸುತ್ತಳತೆಯ ಮರದ ವ್ಯಾಸ ಹನ್ನೊಂದೂವರೆ ಇಂಚು, ನಾಲ್ಕು ಅಡಿಯದು 15 ಇಂಚಿಗೆ ತುಸು ಹೆಚ್ಚು, ಐದು ಅಡಿಯದು 19 ಇಂಚು. ಕೊಯ್ಯುವ ಮರದ ವ್ಯಾಸಕ್ಕಿಂತ ಎರಡು ಇಂಚು ಉದ್ದದ ಬಾರ್ ಇದ್ದರೆ ಒಂದೇ ಬದಿಯಿಂದ ಕೆಲಸ ಮುಗಿಯುತ್ತದೆ ಎಂಬುದು ರೂಢಿಯ ಲೆಕ್ಕ. ನಾಲ್ಕು ಅಡಿ ಎಂದೊಡನೆ ಬಹಳ ದೊಡ್ಡ ಮರವೆಂಬ ಭಾವನೆ ಮೂಡುತ್ತದೆ, ಆದರೆ ಈ ಲೆಕ್ಕದಲ್ಲಿ ಅದಕ್ಕೆ 18 ಇಂಚಿನ ಬಾರ್ ಸಾಕು.

ಇಲ್ಲಿ ಕಾನೂನಿನ ಒಂದು ಸಂಗತಿಯೂ ಸೇರಿಕೊಳ್ಳುತ್ತದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಸ್ವಂತ ಜಮೀನಿನ ಮರವನ್ನು ಕಡಿಯಲೂ ಸಾಮಾನ್ಯವಾಗಿ ವೃಕ್ಷಾಧಿಕಾರಿಯ ಅನುಮತಿ ಬೇಕು. ಸಿಲ್ವರ್ ಓಕ್‌ನಂಥ ಕೆಲವು ಜಾತಿಗಳಿಗೆ ಮಾತ್ರ ವಿನಾಯಿತಿ ಇದೆ. ಹೀಗಾಗಿ ಬೀಟೆ, ತೇಗ, ಮತ್ತಿ, ಹೊನ್ನೆಯಂಥ ಭಾರೀ ಮರಗಳಿಗೆ ತೋಟದ ಚೈನ್‌ಸಾ ತಾಗುವುದು ಅಪರೂಪ. ಆಸ್ಟ್ರೇಲಿಯಾದಿಂದ ಬಂದು ನೆರಳಿಗೂ ಮೆಣಸಿನ ಬಳ್ಳಿಗೂ ಆಸರೆಯಾಗಿ ನಿಂತಿರುವ ಸಿಲ್ವರ್ ಓಕ್, ಮರಗಸಿಯಲ್ಲಿ ಇಳಿಸಿದ ಕೊಂಬೆಗಳು, ಗಾಳಿಗೆ ಉರುಳಿದ ಮರಗಳು, ಸೌದೆಯ ತುಂಡುಗಳು ಇವೇ ಅದರ ನಿತ್ಯದ ಕೆಲಸ. ಮರಗಸಿ ಎಂದರೆ ಕಾಫಿ ಗಿಡಗಳಿಗೆ ಬೇಕಾದಷ್ಟು ಬಿಸಿಲು ಬೀಳುವಂತೆ ನೆರಳು ಮರಗಳ ಕೊಂಬೆ ಸವರುವ ವಾರ್ಷಿಕ ಕೆಲಸ. ಈ ಎಲ್ಲ ಕೆಲಸಕ್ಕೆ 14ರಿಂದ 18 ಇಂಚಿನ ಆಚೆ ಹೋಗಬೇಕಾದ ಅಗತ್ಯ ವಿರಳವಾಗಿಯೇ ಬರುತ್ತದೆ.

ಎಂಜಿನ್ನಿನ ವಿಚಾರ ಇದಕ್ಕಿಂತ ಸೂಕ್ಷ್ಮವಾದುದು. ಉದ್ದದ ಬಾರ್ ಹಾಕಿದೊಡನೆ ಎಂಜಿನ್ ಸೋಲುತ್ತದೆ ಎಂಬ ಮಾತು ಅರ್ಧ ಮಾತ್ರ ನಿಜ. ಚೈನ್ ಉದ್ದವಾದಷ್ಟೂ ಬಾರ್‌ನ ಮೇಲಿನ ಉಜ್ಜಾಟ ಹೆಚ್ಚುವುದೇನೋ ಹೌದು, ಆದರೆ ದೊಡ್ಡ ಹೊರೆ ಬರುವುದು ಒಂದೇ ಹೊತ್ತಿಗೆ ಎಷ್ಟು ಹಲ್ಲುಗಳು ಮರವನ್ನು ಕೆರೆಯುತ್ತಿವೆ ಎಂಬುದರಿಂದ. ಬಹಳವಾಗಿ ಬಳಕೆಯಲ್ಲಿರುವ 3/8 ಇಂಚು ಪಿಚ್‌ನ (ಅಂದರೆ ರಿವೆಟ್‌ಗಳ ಅಂತರದ ಅಳತೆಯ) ಚೈನಿನಲ್ಲಿ ಪ್ರತಿ ಒಂದೂವರೆ ಇಂಚಿಗೆ ಒಂದು ಕೊಯ್ಯುವ ಹಲ್ಲು ಇರುತ್ತದೆ. ಹನ್ನೆರಡು ಇಂಚು ದಪ್ಪದ ದಿಮ್ಮಿಯಲ್ಲಿ ಒಮ್ಮೆಗೆ ಸುಮಾರು ಎಂಟು ಹಲ್ಲುಗಳು, ಹದಿನೆಂಟು ಇಂಚಿನದರಲ್ಲಿ ಹನ್ನೆರಡು ಹಲ್ಲುಗಳು ಮರದೊಳಗಿರುತ್ತವೆ. ಅಂದರೆ ಸಣ್ಣ ಎಂಜಿನ್ನಿಗೆ ಉದ್ದದ ಬಾರ್ ಹಾಕಿ ತೆಳ್ಳಗಿನ ಕೊಂಬೆಯನ್ನೇ ಕೊಯ್ಯುತ್ತಿರುವವರೆಗೆ ತೊಂದರೆ ಗೋಚರಿಸದು. ಅದೇ ಬಾರನ್ನು ದಪ್ಪ ದಿಮ್ಮಿಯಲ್ಲಿ ಪೂರ್ತಿ ಹುದುಗಿಸಿದಾಗ ಚೈನಿನ ವೇಗ ಇಳಿಯುತ್ತದೆ, ಕ್ಲಚ್ ಜಾರಿ ಕಾಯುತ್ತದೆ, ಕೊಯ್ಯುವವನು ಯಂತ್ರವನ್ನು ಬಲವಾಗಿ ಒತ್ತತೊಡಗುತ್ತಾನೆ. ಹಸಿ ಹಲಸಿನಲ್ಲೋ ಒಣಗಿದ ಮತ್ತಿಯಲ್ಲೋ ಈ ಸ್ಥಿತಿ ಬೇಗ ಬರುತ್ತದೆ, ಮೆದು ಮರದಲ್ಲಿ ತಡವಾಗಿ.

ಸ್ಥೂಲವಾಗಿ 30ರಿಂದ 40 ಸಿಸಿ ಎಂಜಿನ್ನಿಗೆ 12ರಿಂದ 16 ಇಂಚು, 45ರಿಂದ 50 ಸಿಸಿಗೆ 16ರಿಂದ 18, ಅರವತ್ತರ ಆಸುಪಾಸಿನದಕ್ಕೆ 18ರಿಂದ 20, ಎಪ್ಪತ್ತನ್ನು ದಾಟಿದವಕ್ಕೆ 20ರಿಂದ ಮೇಲಕ್ಕೆ ಎಂದು ಹೇಳಬಹುದು. ಸಿಸಿ ಎಂದರೆ ಎಂಜಿನ್ನಿನ ಸಿಲಿಂಡರಿನೊಳಗೆ ಪಿಸ್ಟನ್ ಸರಿದಾಡುವ ಜಾಗದ ಗಾತ್ರವೇ ಹೊರತು ಶಕ್ತಿಯಲ್ಲ ಎಂಬುದನ್ನು ಮಾತ್ರ ಮರೆಯಬಾರದು. ಸ್ಟಿಲ್ ಕಂಪನಿಯ ಎಂಎಸ್ 250 ಯಂತ್ರದ್ದು 45.4 ಸಿಸಿ, 2.3 ಕಿಲೋವ್ಯಾಟ್, ಅದೇ ಕಂಪನಿಯ ಎಂಎಸ್ 261ರದ್ದು 50.2 ಸಿಸಿ, 3 ಕಿಲೋವ್ಯಾಟ್. ಗಾತ್ರದಲ್ಲಿ ಹತ್ತನೆಯ ಒಂದು ಪಾಲು ಹೆಚ್ಚಾದರೆ ಶಕ್ತಿಯಲ್ಲಿ ಸುಮಾರು ಮೂರನೆಯ ಒಂದು ಪಾಲು ಹೆಚ್ಚಿದೆ. ಹೀಗಾಗಿ ಸಿಸಿಯ ಅಂಕಿಯನ್ನು ದೊಡ್ಡದಾಗಿ ಅಚ್ಚು ಹಾಕಿ, ಅದಕ್ಕೊಪ್ಪುವಂತೆ 22 ಇಂಚಿನ ಬಾರನ್ನು ಸೇರಿಸಿ ಮಾರುವ ಅಗ್ಗದ ಯಂತ್ರಗಳ ಮುಂದೆ ನಿಂತಾಗ ಕಿಲೋವ್ಯಾಟ್ ಎಷ್ಟೆಂದು ಕೇಳುವುದು ಒಳ್ಳೆಯದು. ಆ ಉದ್ದ ಬಹುಪಾಲು ನೋಟಕ್ಕಾಗಿ ಇರುವುದು.

ಪರದೇಶದ ರೂಢಿಗಳನ್ನು ನೋಡಿದರೆ ಗೊಂದಲ ಇನ್ನಷ್ಟು ಹೆಚ್ಚೀತು. ಅಮೆರಿಕದ ಪಶ್ಚಿಮ ಕರಾವಳಿಯ ಆರೆಗನ್, ವಾಷಿಂಗ್ಟನ್ ರಾಜ್ಯಗಳ ಮರಗೆಲಸದವರು ಎಪ್ಪತ್ತು ಸಿಸಿಯ ಯಂತ್ರಕ್ಕೆ 28, 32 ಇಂಚಿನ ಬಾರ್ ಹಾಕಿಕೊಳ್ಳುತ್ತಾರೆ. ಸ್ವೀಡನ್ನಿನ ಕಾಡುಗಳಲ್ಲಿ ವೃತ್ತಿಪರರೇ 13, 15 ಇಂಚಿನದರಿಂದ ದಿನವಿಡೀ ಕೆಲಸ ಮಾಡುತ್ತಾರೆ. ಎರಡೂ ಕಡೆಯವರು ತಮ್ಮ ಕಾಡಿಗೆ ತಕ್ಕಂತೆಯೇ ನಡೆಯುತ್ತಿದ್ದಾರೆ. ಅಮೆರಿಕದ ಆ ಭಾಗದಲ್ಲಿ ಡಗ್ಲಸ್ ಫರ್‌ನಂಥ ದಪ್ಪ ಆದರೆ ಮೆದುವಾದ ಮರ, ಕಡಿದಾದ ಇಳಿಜಾರು. ಉದ್ದದ ಬಾರ್ ಇದ್ದರೆ ಉರುಳಿದ ಮರದ ಕೊಂಬೆಗಳನ್ನು ಬೆನ್ನು ಬಗ್ಗಿಸದೆ ಸವರಬಹುದು, ಇಳಿಜಾರಿನ ಮೇಲ್ಬದಿಯಲ್ಲಿಯೇ ನಿಂತು ಕೊಯ್ದು ಮುಗಿಸಬಹುದು. ಅಂಥಲ್ಲಿ ಹೊರೆ ಕಡಿಮೆ ಮಾಡಲೆಂದೇ ಹಲ್ಲುಗಳ ನಡುವೆ ಹೆಚ್ಚು ಅಂತರ ಬಿಟ್ಟ ಚೈನನ್ನು ಬಳಸುತ್ತಾರೆ. ಸ್ವೀಡನ್ನಿನ ಮರಗಳು ತೆಳು, ಒತ್ತು ಬೆಳೆದವು. ಕೊಡಗು, ಚಿಕ್ಕಮಗಳೂರಿನ ತೋಟದಲ್ಲಿ ಇಳಿಜಾರು ಅಮೆರಿಕದವರದಂತೆಯೇ ಇದ್ದರೂ ಮರ ಗಟ್ಟಿ, ಸುತ್ತಲೂ ಕಾಫಿ ಗಿಡಗಳ ಸಾಲು, ಕಾಲಡಿಯಲ್ಲಿ ಕಲ್ಲು. ಆ ಕಾರಣದಿಂದ ಇಲ್ಲಿಗೆ ಹೊಂದುವುದು ಸ್ವೀಡನ್ನಿನವರ ಲೆಕ್ಕಾಚಾರವೇ.

ಕಾಫಿ ಗಿಡಗಳ ನಡುವೆ ನಿಂತವನಿಗೆ ಮರದ ಆಚೆ ಬದಿಯಲ್ಲಿ ಹೊರಬಿದ್ದ ಬಾರ್‌ನ ತುದಿ ಕಾಣುವುದಿಲ್ಲ, ಉದ್ದದ ಬಾರ್‌ನ ನಿಜವಾದ ಅಪಾಯ ಅಡಗಿರುವುದೂ ಅಲ್ಲಿಯೇ. ಬಾರ್‌ನ ತುದಿಯ ಮೇಲಿನ ಕಾಲು ಭಾಗ ಏನನ್ನಾದರೂ ತಾಗಿದರೆ ಹಲ್ಲು ಕೊಯ್ಯುವ ಬದಲು ಕಚ್ಚಿಕೊಳ್ಳುತ್ತದೆ, ಚೈನಿನ ವೇಗವೆಲ್ಲ ತಿರುಗಿ ಬಿದ್ದು ಬಾರ್ ಮೇಲಕ್ಕೂ ಹಿಂದಕ್ಕೂ, ಹಿಡಿದವನ ಮುಖ ಮತ್ತು ಹೆಗಲಿನ ಕಡೆಗೆ ಚಿಮ್ಮುತ್ತದೆ. ಇದಕ್ಕೆ ಕಿಕ್‌ಬ್ಯಾಕ್ ಎಂದು ಹೆಸರು. ಚೈನ್ ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಲ್ಲಿ ಓಡುತ್ತಿರುವುದರಿಂದ, ಏನಾಯಿತೆಂದು ಮನುಷ್ಯನಿಗೆ ಅರಿವಾಗುವ ಮೊದಲೇ ಎಲ್ಲವೂ ಮುಗಿದಿರುತ್ತದೆ. ಇದಕ್ಕಾಗಿಯೇ ಮುಂದಿನ ಹಿಡಿಕೆಯ ಎದುರು ಚೈನ್ ಬ್ರೇಕ್ ಎಂಬ ತಡೆ ಇದೆ. ತುದಿಯ ಬಾಗು ಕಿರಿದಾಗಿರುವ ಬಾರ್‌ಗಳಲ್ಲಿ ಈ ಚಿಮ್ಮುವಿಕೆಯ ಬಲವೂ ಕಡಿಮೆ. ಹನ್ನೆರಡು ಇಂಚಿನ ದಿಮ್ಮಿಗೆ 22 ಇಂಚಿನ ಬಾರ್ ಹಾಕಿದರೆ ಹತ್ತು ಇಂಚಿನಷ್ಟು ಭಾಗ ಆಚೆ ಬದಿಯಲ್ಲಿ, ಪಕ್ಕದ ಕೊಂಬೆಗೋ ಇನ್ನೊಂದು ತುಂಡಿಗೋ ತಾಗುವಂತೆ ತಿರುಗುತ್ತಿರುತ್ತದೆ. ಮಣ್ಣಿಗೆ ತಾಗಿದರೆ ಅಪಾಯ ಬೇರೆ ಬಗೆಯದು: ಎರಡು ಸೆಕೆಂಡು ಕಲ್ಲುಮಣ್ಣು ತಾಕಿದ ಚೈನ್ ಮೊಂಡಾಗಿ, ಚಕ್ಕೆಯ ಬದಲು ಪುಡಿ ಉದುರಿಸತೊಡಗುತ್ತದೆ.

ಮೊಂಡಾದ ಚೈನನ್ನು ದುಂಡನೆಯ ಅರದಿಂದ ಹಲ್ಲು ಹಲ್ಲಾಗಿ ಮಸೆಯಬೇಕು. ಮರದ ಎಳೆಯನ್ನು ಎರಡೂ ಬದಿಗೆ ಕೊರೆಯುತ್ತ ಹೋಗುವ ಮರದ ಹುಳುವಿನ ದವಡೆಯನ್ನು ಗಮನಿಸಿ, 1946ರಲ್ಲಿ ಆರೆಗನ್ನಿನ ಜೋಸೆಫ್ ಕಾಕ್ಸ್ ರೂಪಿಸಿದ ಬಾಗಿದ ಹಲ್ಲೇ ಇಂದಿನ ಚೈನಿನ ಮೂಲ. ಅದರ ಬಾಗಿನಿಂದಾಗಿಯೇ ಅರವೂ ದುಂಡಗಿರಬೇಕಾಗಿದೆ. ಸಾಮಾನ್ಯವಾಗಿ 16 ಇಂಚಿನ ಬಾರ್‌ನ ಚೈನಿನಲ್ಲಿ 28 ಹಲ್ಲುಗಳಿದ್ದರೆ, 20 ಇಂಚಿನದರಲ್ಲಿ 36. ಪ್ರತಿ ಸಲ ಎಂಟು ಹಲ್ಲು ಹೆಚ್ಚು ಮಸೆಯುವ ಶ್ರಮ ಸಣ್ಣದೆನಿಸಬಹುದು. ಆದರೆ ಬೇಸರಕ್ಕೆ ಮಸೆಯದೆ ಬಿಡುವುದೇ ಹೆಚ್ಚಾಗಿ ನಡೆಯುವುದರಿಂದ ಅದೂ ಲೆಕ್ಕಕ್ಕೆ ಬರುತ್ತದೆ. ಉದ್ದದ ಬಾರ್‌ಗೆ ಎಣ್ಣೆಯೂ ಹೆಚ್ಚು ಬೇಕು. ಯಂತ್ರದೊಳಗಿನ ಪಂಪು ಬಾರ್‌ನ ಬುಡಕ್ಕೆ ಸುರಿಸುವ ಎಣ್ಣೆಯನ್ನು ಚೈನೇ ತುದಿಯವರೆಗೆ ಒಯ್ಯುತ್ತದೆ, ಸಣ್ಣ ಯಂತ್ರದ ಪಂಪಿನಿಂದ ಅದು ತುದಿ ತಲುಪದೆ ಹೋದರೆ ಬಾರ್‌ನ ಅಂಚು ನೀಲಿಗಟ್ಟಿ ಸವೆಯುತ್ತದೆ.

ಉದ್ದ ನಿರ್ಧಾರವಾದ ಮೇಲೆ ಹೊಂದಿಕೆಯ ಪ್ರಶ್ನೆ ಬರುತ್ತದೆ. ಪಿಚ್ ಎಂದರೆ ಚೈನಿನ ಸಾಲಾಗಿರುವ ಮೂರು ರಿವೆಟ್‌ಗಳ ನಡುವಿನ ದೂರದ ಅರ್ಧ. ಗೇಜ್ ಎಂದರೆ ಬಾರ್‌ನ ಸೀಳಿನೊಳಗೆ ಕೂರುವ ಡ್ರೈವ್ ಲಿಂಕ್ ಎಂಬ ಕೊಂಡಿಯ ದಪ್ಪ, ಸಾಮಾನ್ಯವಾಗಿ 1.1ರಿಂದ 1.6 ಮಿಲಿಮೀಟರ್. ಇವೆರಡರ ಜೊತೆಗೆ ಡ್ರೈವ್ ಲಿಂಕ್‌ಗಳ ಸಂಖ್ಯೆಯೂ ಹೊಂದಬೇಕು, ಎಂಜಿನ್ ಬದಿಯ ಸ್ಪ್ರಾಕೆಟ್ ಎಂಬ ಹಲ್ಲಿನ ಚಕ್ರದ ಪಿಚ್ಚೂ ಒಂದೇ ಆಗಿರಬೇಕು. ಈ ಅಂಕಿಗಳನ್ನು ಬಾರ್‌ನ ಬುಡದಲ್ಲಿ ಕೊರೆದಿರುತ್ತಾರೆ. ಬೋಲ್ಟ್ ಕೂರುವ ಸೀಳು, ಎಣ್ಣೆಯ ತೂತು ಇವುಗಳ ಜಾಗ ಕಂಪನಿಯಿಂದ ಕಂಪನಿಗೆ ಬೇರೆಯಾಗಿರುವುದರಿಂದ ಒಂದರ 18 ಇಂಚಿನ ಬಾರ್ ಇನ್ನೊಂದಕ್ಕೆ ಕೂರುತ್ತದೆಂಬ ಭರವಸೆಯಿಲ್ಲ.

ಬಾರ್‌ಗಿಂತ ದಪ್ಪದ ಮರ ಎದುರಾದರೆ ಎರಡೂ ಬದಿಯಿಂದ ಕೊಯ್ಯುವ ಕ್ರಮವಿದೆ. ತಿಳಿದವರ ಕೈಯಲ್ಲಿ 18 ಇಂಚಿನ ಬಾರ್ 30 ಇಂಚು ದಾಟಿದ ಬುಡವನ್ನೂ ನಿಭಾಯಿಸುತ್ತದೆ. ಆದರೆ ನಿಂತ ಮರವನ್ನು ಉರುಳಿಸುವಾಗ ಎರಡು ಬದಿಯ ಕೊಯ್ತ ಒಂದೇ ಮಟ್ಟದಲ್ಲಿ ಸೇರದಿದ್ದರೆ, ಮರ ಬೀಳುವ ದಿಕ್ಕನ್ನು ಹಿಡಿದಿಡಲು ನಡುವೆ ಕೊಯ್ಯದೆ ಉಳಿಸುವ ಪಟ್ಟಿ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳುವಾಗಿ, ಮರ ಎಣಿಸಿದ ಕಡೆಗೆ ಬೀಳದೆ ತಿರುಚಿಕೊಳ್ಳುತ್ತದೆ. ಉದ್ದದ ಬಾರ್‌ಗೆ ನ್ಯಾಯವಾದ ಸಮರ್ಥನೆ ಸಿಗುವುದು ಈ ಒಂದು ಕೆಲಸದಲ್ಲಿ. ಅರವತ್ತು ಸಿಸಿಯ ಆಸುಪಾಸಿನ ಯಂತ್ರವಿರುವ ತೋಟದಲ್ಲಿ 16 ಇಂಚಿನ ಬಾರನ್ನು ಯಂತ್ರಕ್ಕೆ ಹಾಕಿಟ್ಟು, ಅದೇ ಪಿಚ್ ಮತ್ತು ಗೇಜಿನ 20 ಇಂಚಿನ ಇನ್ನೊಂದನ್ನು ಅದರದೇ ಚೈನಿನೊಂದಿಗೆ ತೆಗೆದಿರಿಸಿಕೊಂಡರೆ, ಎರಡು ನಟ್ಟು ಬಿಚ್ಚಿ ಹಾಕುವಷ್ಟು ಹೊತ್ತಿನಲ್ಲಿ ಮಳೆಗಾಲದ ದೊಡ್ಡ ಮರಕ್ಕೂ ಯಂತ್ರ ಸಿದ್ಧವಾಗುತ್ತದೆ.